ಹೊಳೆವ್ವನ ಗಿಣ್ಣ

ಸಾಬಣ್ಣನ ಬಲಗೈ ಭುಜದವರೆಗೂ ಹೊಳೆವ್ವನ ಎಮ್ಮೆಯ ಹೊಟ್ಟೆಯೊಳಗಿತ್ತು. ಕರುವಿನ ಮುಂಗಾಲೆರಡೂ ಬಂದಿದ್ದವು, ಕತ್ತು ಮಾತ್ರ ಪಕ್ಕೆಯ ಕಡೆ ತಿರುಗಿ ಸಿಕ್ಕಿಕೊಂಡಿತ್ತು. ಕುಸುಬಿ ಎಣ್ಣೆ ಬಳಿದ ಬೆರಳುಗಳಿಂದ ಅವನು ಕರುವಿನ ದವಡೆಯನ್ನು ಹುಡುಕುತ್ತಿದ್ದ. ಹಗ್ಗ ಹಿಡಿದು ನಿಂತ ಹೊಳೆವ್ವನಿಗೆ ಆಸ್ತಿಯೆಂದರೆ ಈ ಎಮ್ಮೆಯೊಂದೇ. ನೋವಿನಲ್ಲಿದ್ದುದನ್ನು ಅರ್ಧ ಹರದಾರಿ ನಡೆಸಿಕೊಂಡು ಬಂದಿದ್ದಳು.

ಹತ್ತು ಮಾರು ದೂರದಲ್ಲಿ, ಬೇವಿನ ನೆರಳಿನಲ್ಲಿ, ಮೂಗಿಗೆ ಕರವಸ್ತ್ರ ಹಿಡಿದು ಡಾಕ್ಟರ್ ಗುರುಪಾದಯ್ಯ ನಿಂತಿದ್ದರು. ವಿಜಾಪುರದಿಂದ ತಪಾಸಣೆಗೆ ಬಂದ ಜಿಲ್ಲಾ ಸಾಹೇಬರಿಗೆ ಎಲ್ಲವನ್ನೂ ವಿವರಿಸುತ್ತಿದ್ದರು.

"ಕತ್ತ ತಿರುಗೇತ್ರಿ ಸರ್. ಇಂಥಾ ಕೇಸ್ ನಾ ವರ್ಷಕ್ಕ ಇಪ್ಪತ್ತ ಮಾಡತೀನ್ರಿ."

ಮಾಡುತ್ತಿದ್ದುದು ರಿಜಿಸ್ಟರಿನಲ್ಲಿ. ತಿಕೋಟಾದಿಂದ ಬಬಲೇಶ್ವರದ ಕಡೆ ಹೋಗುವ ಹಾದಿಯ ಈ ದನದ ದವಾಖಾನೆಗೆ ಬಂದು ಒಂಬತ್ತು ವರ್ಷವಾದರೂ ಡಾಕ್ಟರರು ಒಂದು ಆಡಿನ ಬಾಲ ಮುಟ್ಟಿದ್ದನ್ನು ಕಂಡವರಿರಲಿಲ್ಲ. ದನ ಕೊಂಬು ಅಲ್ಲಾಡಿಸಿದರೆ ಸಾಕು, ಒಳಗೆ ಏನೋ ಬರೆಯುವುದು ಅವರಿಗೆ ನೆನಪಾಗುತ್ತಿತ್ತು. ಕೈ ಹಾಕುವವನು ಕಂಪೌಂಡರ ಸಾಬಣ್ಣ. ದನ ಬದುಕಿದರೆ ಡಾಕ್ಟರರ ಹೆಸರು, ಸತ್ತರೆ "ಈ ಸಾಬ್ಯಾನ ಕೈಗುಣ" ಎಂದು ನಾಲ್ಕು ಜನರ ಮುಂದೆ ಬೈಗುಳ. ಎಮ್ಮೆ ಈದ ಮೂರನೆಯ ದಿನ ಹೆಣ್ಣುಮಕ್ಕಳು ಡಾಕ್ಟರಿಗೆಂದು ತಂದುಕೊಡುವ ಗಿಣ್ಣದ ಹಾಲು ಮೇಜಿನ ಮೇಲೆ ಇಳಿದು, ಅಲ್ಲಿಂದ ಸೀದಾ ಡಾಕ್ಟರರ ಅಡುಗೆಮನೆಗೆ ಹೋಗುತ್ತಿತ್ತು. ಅದನ್ನು ಸಾಬಣ್ಣ ಮುಟ್ಟುವಂತಿರಲಿಲ್ಲ. ಅವನದು ಯಾವ ಕೇರಿಯೆಂದು ಡಾಕ್ಟರರಿಗೆ ಚೆನ್ನಾಗಿ ಗೊತ್ತಿತ್ತು. ಅವನ ಚಹಕ್ಕೆಂದು ಕಿಟಕಿಯ ಹೊರಗೆ ಹಿಡಿಕೆ ಮುರಿದ ಕಪ್ಪೊಂದನ್ನು ಇಡಿಸಿದ್ದರು. ಸರಕಾರದ ಕಟ್ಟಡ, ಸರಕಾರದ ಸಂಬಳ, ಚಹದ ಕಪ್ ಮಾತ್ರ ಬೇರೆ.

ಸಾಬಣ್ಣ ಇದನ್ನೆಲ್ಲ ನುಂಗಿಕೊಂಡಿದ್ದು ಒಂದು ಅರ್ಜಿಯ ಸಲುವಾಗಿ. ಸ್ಟಾಕ್‌ಮನ್ ತರಬೇತಿ ಮುಗಿಸಿ ಬಂದರೆ ಯಾವುದಾದರೂ ಹಳ್ಳಿಯ ಸಣ್ಣ ದವಾಖಾನೆಯನ್ನು ಅವನೇ ನಡೆಸಬಹುದಿತ್ತು. ಅದಕ್ಕೆ ಡಾಕ್ಟರರ ಸಹಿ ಬೇಕು, ವಯಸ್ಸು ಮೂವತ್ತೈದು ತುಂಬಿರಬಾರದು. ಶಾಲೆಯ ಮಾಸ್ತರರು ಎಲ್ಲ ಹುಡುಗರಿಗೂ ಬರೆದಂತೆ ಅವನಿಗೂ ಹುಟ್ಟಿದ ದಿನ ಜೂನ್ ಒಂದು ಎಂದೇ ಬರೆದಿದ್ದರು. ಇಂದು ೧೯೭೫ರ ಮೇ ಇಪ್ಪತ್ತೊಂಬತ್ತು. ಮೂರು ದಿನ ಕಳೆದರೆ ಮೂವತ್ತೈದು ತುಂಬುತ್ತಿತ್ತು, ಅಲ್ಲಿಗೆ ಮುಗಿಯಿತು. ಅರ್ಜಿ ಎರಡು ವರ್ಷದಿಂದ ಡಾಕ್ಟರರ ಮೇಜಿನ ಖಾನೆಯಲ್ಲಿ ಮಲಗಿತ್ತು. ಮಳೆಗಾಲ ಹೋಗಲಿ, ಕಾಲುಬಾಯಿ ಬೇನೆ ಹೋಗಲಿ ಎಂದು ನೆಪ ಹೇಳುತ್ತ ಬಂದವರು ನಿನ್ನೆ, "ಸಾಹೇಬರ ಭೇಟಿ ಛಲೋ ಆಗಲಿ, ಕಣ್ಣ ಮುಚ್ಚಿ ಸಹಿ ಮಾಡತೀನಿ" ಎಂದಿದ್ದರು.

"ಆ ಮನಶ್ಯಾನ ಮಾತ ಇನ್ನೂ ನಂಬತೀಯಲ್ಲ, ನಿನಗೇನ ಹೇಳಬೇಕು?" ಎಂದು ಹೆಂಡತಿ ಸೋನಾಬಾಯಿ ರೊಟ್ಟಿ ಬಡಿಯುತ್ತಲೇ ಅಂದಿದ್ದಳು.

ದವಡೆ ಸಿಕ್ಕಿತು. ಸಾಬಣ್ಣ ಅವುಡುಗಚ್ಚಿ ಕರುವನ್ನು ಹಿಂದಕ್ಕೊತ್ತಿ ಕತ್ತು ತಿರುಗಿಸತೊಡಗಿದ.

"ಮನಶ್ಯಾ ಚುರುಕ ಅದಾನಲ್ರಿ. ಟ್ರೇನಿಂಗಿಗೆ ಯಾಕ ಕಳಸಿಲ್ಲ?" ಎಂದರು ಜಿಲ್ಲಾ ಸಾಹೇಬರು.

"ಎಲ್ಲಾ ನಾನ ಕಲಿಸೀನ್ರಿ ಸರ್. ಅವಂಗ ಹೋಗೂ ಮನಸ್ಸಿಲ್ರಿ. ನಾ ಇರೂತನಕ ಇಲ್ಲೇ ಇರ್ತಾನ."

ಸಾಬಣ್ಣನ ಬೆರಳು ನಿಂತವು. ಮಳೆಗಾಲವೂ ಅಲ್ಲ, ಬೇನೆಯೂ ಅಲ್ಲ. ತಾನು ಹೋದರೆ ಈ ಮನುಷ್ಯ ತನ್ನ ಕೈಯನ್ನೇ ಎಮ್ಮೆಯೊಳಗೆ ಹಾಕಬೇಕಾಗುತ್ತದೆ. ಆ ಸಹಿ ಎಂದೆಂದಿಗೂ ಆಗುವುದಿರಲಿಲ್ಲ. ಒಂಬತ್ತು ವರ್ಷ ತಾನು ಹೆದರಿದ್ದು ಯಾರಿಗೆ? ಎಮ್ಮೆಗೆ ಹೆದರುವವನಿಗೆ. ಸಿಟ್ಟಿಗಿಂತ ಮೊದಲು ಅವನಿಗೆ ಹೇಸಿಗೆ ಬಂತು, ಅದರಲ್ಲಿ ಅರ್ಧ ತನ್ನ ಮೇಲೆಯೇ.

ಬೆರಳು ಮತ್ತೆ ಆಡಿದವು, ಕತ್ತು ನೆಟ್ಟಗಾಯಿತು. ಇನ್ನು ಎಳೆದರೆ ಕರು ಹೊರಗೆ. ಅದು ಅವನ ಬೆರಳುಗಳಿಗೆ ಮಾತ್ರ ಗೊತ್ತಿತ್ತು. ಅವನು ಎಳೆಯಲಿಲ್ಲ.

"ಸಾಹೇಬ್ರ, ನನ್ನಿಂದ ಆಗವಲ್ದರಿ. ಇನ್ನ ಮುಂದ ಡಾಕ್ಟರ ಸಾಹೇಬ್ರ ಕೈ ಹಾಕಬೇಕ್ರಿ."

ಡಾಕ್ಟರರ ಕರವಸ್ತ್ರ ಮೂಗಿನಿಂದ ಇಳಿಯಿತು.

"ಹೂಂ, ನಡೀರಿ ಡಾಕ್ಟರ," ಎಂದರು ಜಿಲ್ಲಾ ಸಾಹೇಬರು. "ನಿಮ್ಮ ಕೆಲಸ ನಾನೂ ಒಂದಿಷ್ಟ ನೋಡತೀನಿ."

ಡಾಕ್ಟರರು ಎರಡು ಹೆಜ್ಜೆ ಮುಂದೆ ಇಟ್ಟರು. ಎಮ್ಮೆ ಒರಲಿತು. ಮೂರು ಹೆಜ್ಜೆ ಹಿಂದೆ ಸರಿದರು. ಆದರೆ ಚೀರಿದ್ದು ಹೊಳೆವ್ವ.

"ಯಪ್ಪಾ ಡಾಕ್ಟರಾ, ಬ್ಯಾಡೋ! ಆ ಚೀಟಿ ಬರಿಯೂ ಕಾರಕೂನನ ಕೈಯಾಗ ನನ್ನ ಎಮ್ಮಿ ಕೊಡಬ್ಯಾಡೋ!"

ಅವಳು ಬೇಡಿಕೊಂಡದ್ದು ಸಾಬಣ್ಣನನ್ನು. ಕೈ ಹಾಕುವವನು ಡಾಕ್ಟರ, ಕುರ್ಚಿಯಲ್ಲಿ ಕೂತು ಬರೆಯುವವನು ಕಾರಕೂನ ಎಂದೇ ಒಂಬತ್ತು ವರ್ಷದಿಂದ ಅವಳು ತಿಳಿದಿದ್ದಳು. ಅವಳಿಗೆ ಹಾಗಲ್ಲವೆಂದು ತಿಳಿಸುವಂಥದ್ದೇನೂ ಅಲ್ಲಿ ನಡೆದೂ ಇರಲಿಲ್ಲ. ಜಿಲ್ಲಾ ಸಾಹೇಬರು ನಗು ತಡೆಯಲು ಬೇವಿನ ಮರ ನೋಡತೊಡಗಿದರು.

"ಸಾಬಣ್ಣಾ," ಎಂದರು ಡಾಕ್ಟರರು. ಸಾಬ್ಯಾ ಅಲ್ಲ, ಸಾಬಣ್ಣಾ. "ನೀನ ಮುಗಸಪ್ಪ."

"ಮುಗಸ್ತೇನ್ರಿ. ನಿಮ್ಮ ಖಾನ್ಯಾಗ ನನ್ನ ಟ್ರೇನಿಂಗಿನ ಅರ್ಜಿ ಐತಲ್ರಿ, ಸಹಿ ಮಾಡಿ ದೊಡ್ಡ ಸಾಹೇಬ್ರ ಕೈಯಾಗ ಕೊಡ್ರಿ. ಹೋಗೂ ಮನಸ್ಸ ಐತ್ರಿ ನನಗ. ಅಷ್ಟರಾಗ ಕೈಗೂ ಒಂದೀಟ ಶಕ್ತಿ ಬರತೈತಿ."

ಡಾಕ್ಟರರು ಅಷ್ಟು ಜೋರಾಗಿ ಓಡಿದ್ದನ್ನು ಆ ಊರು ಕಂಡಿರಲಿಲ್ಲ. ಬೇವಿನ ಬೊಡ್ಡೆಗೆ ಕಾಗದ ಒತ್ತಿಟ್ಟು ಸಹಿ ಹಾಕಿದರು. ಜಿಲ್ಲಾ ಸಾಹೇಬರು ಓದಿದರು, ಅದರ ಮೇಲಿದ್ದ ಎರಡು ವರ್ಷದ ಹಿಂದಿನ ತಾರೀಖನ್ನೂ ನೋಡಿದರು, ಮಡಚಿ ಕಿಸೆಗಿಟ್ಟುಕೊಂಡರು. ಡಾಕ್ಟರರನ್ನು ಒಂದು ಮಾತೂ ಕೇಳಲಿಲ್ಲ. ಮಧ್ಯಾಹ್ನದ ಊಟ ಡಾಕ್ಟರರ ಮನೆಯಲ್ಲೇ ಇತ್ತು.

ಆ ಎರಡು ನಿಮಿಷ ಎಮ್ಮೆ ಸುಮ್ಮಸುಮ್ಮನೆ ನೋವು ತಿಂದಿತ್ತು. ಸಾಬಣ್ಣನಿಗೆ ನಾಚಿಕೆಯಾದದ್ದು ಅದೊಂದಕ್ಕೆ. ಎಡಗೈಯಿಂದ ಅದರ ಬೆನ್ನು ಸವರಿ, "ತಪ್ಪಾತವ್ವ" ಎಂದು ಅದಕ್ಕಷ್ಟೇ ಕೇಳುವಂತೆ ಅಂದು ಎಳೆದ. ಹೆಣ್ಣುಗರು ಜಾರಿ ಹೊರಬಂತು. ಹೊಳೆವ್ವ ಹಗ್ಗ ಬಿಟ್ಟು ಕರುವಿನ ಮೂಗು ಒರೆಸತೊಡಗಿದಳು.

ಮೂರನೆಯ ದಿನ ಅವಳು ತಂಬಿಗೆ ತುಂಬ ಗಿಣ್ಣದ ಹಾಲು ತಂದಳು. ಡಾಕ್ಟರರು ರಿಜಿಸ್ಟರಿನಲ್ಲಿ ಮುಖ ಹುದುಗಿಸಿ ಕೂತಿದ್ದರು. ರೂಢಿಯಂತೆ ಮೇಜಿನವರೆಗೆ ಬಂದವಳು ನಿಂತು, ಅವರನ್ನೊಮ್ಮೆ ನೋಡಿ, ತಂಬಿಗೆಯನ್ನು ಹಿಂದಿದ್ದ ಸಾಬಣ್ಣನ ಕೈಗೇ ಕೊಟ್ಟಳು.

"ಹಿಂದಿನ ಸಲಾ ಈ ಕಾರಕೂನನ ಮುಂದ ಇಟ್ಟ ಹೋಗಿದ್ದೆ. ನಿನಗ ಮುಟ್ಟಿತ್ತೇನೋ ಯಪ್ಪಾ?"

ಸಾಬಣ್ಣ ಕಿಟಕಿಯ ಹೊರಗಿದ್ದ ತನ್ನ ಚಹದ ಕಪ್ಪಿನ ಕಡೆ ನೋಡಿದ.

"ನನಗ ಗೊತ್ತಿತ್ತ ಬಿಡು. ಇರಲಿ, ಅವಂಗೂ ಒಂದೀಟ ಹಾಕು. ಪಾಪ, ಆಸಿ ಮಾಡಕೊಂಡ ಕುಂತಾನ."

ಅವಳು ಹೋದ ಮೇಲೆ ಸಾಬಣ್ಣ ಹೊರಗೆ ಹೋಗಿ ಕಿಟಕಿಯಲ್ಲಿದ್ದ ಕಪ್ಪನ್ನು ತೊಳೆದು ತಂದ. ಅದರ ತುಂಬ ಗಿಣ್ಣ ಸುರಿದು ಡಾಕ್ಟರರ ಮೇಜಿನ ಮೇಲೆ, ಕಾಗದಕ್ಕೊತ್ತುವ ರಬ್ಬರ್ ಶಿಕ್ಕೆಯ ಪಕ್ಕದಲ್ಲಿ ಇಟ್ಟ. ಉಳಿದ ತಂಬಿಗೆಯನ್ನು ಸೈಕಲ್ಲಿಗೆ ತೂಗುಹಾಕಿ, ಸೋನಾಬಾಯಿಯ ಕೈಗೆ ಕೊಟ್ಟು ಬರಲು, ತುಳುಕದಂತೆ ನಿಧಾನವಾಗಿ ಹೊರಟ.

ಡಾಕ್ಟರರು ಬಾಗಿಲ ಕಡೆ ನೋಡಿದರು. ಯಾರೂ ಇರಲಿಲ್ಲ. ಕಪ್ ತುಂಬಿತ್ತು. ಹಿಡಿಕೆ ಇಲ್ಲದ ಅದನ್ನು ಚೆಲ್ಲದೆ ಎತ್ತಬೇಕೆಂದರೆ ಎರಡೂ ಕೈ ಹಚ್ಚಬೇಕಿತ್ತು.