ಬೀರುವಿನ ಹಿಂದಿನ ಗೋಡೆ

ನಮ್ಮ ನಡುಮನೆಗೂ ಅಡಿಗೆಮನೆಗೂ ನಡುವೆ ಒಂದು ಅಡ್ಡಗೋಡೆ ಇದೆ. ಅದಕ್ಕೆ ಒತ್ತಿಕೊಂಡು ಒಂದು ಎತ್ತರದ ಬೀರು ನಿಂತಿತ್ತು. ಅದು ಅಡಿಗೆಮನೆಯ ಬಾಗಿಲಿನ ಕಾಲುಭಾಗವನ್ನು ನುಂಗಿದ್ದರಿಂದ, ಕೈಯಲ್ಲಿ ತಟ್ಟೆಯೋ ತಟ್ಟೆಯ ತುಂಬ ಲೋಟಗಳೋ ಇದ್ದಾಗಲೆಲ್ಲ ನಾನು ಅಡ್ಡ ತಿರುಗಿ ಏಡಿಯ ಹಾಗೆ ದಾಟಬೇಕಾಗಿತ್ತು. ಇಪ್ಪತ್ತೆರಡು ವರ್ಷ ಹಾಗೇ ದಾಟಿದೆ. ಸಾಲದ್ದಕ್ಕೆ ಬೀರುವಿನ ಮೇಲಿನ ಹಲಗೆ ಕೆಳಗಿನದಕ್ಕಿಂತ ಎರಡು ಬೆರಳು ಕಿರಿದು, ನನ್ನ ದೊಡ್ಡ ತಟ್ಟೆಗಳು ಅಲ್ಲಿ ಕೂರುವುದಿಲ್ಲ. ದೂರು ಹೇಳುವುದಕ್ಕೆ ಇದನ್ನು ಬರೆಯುತ್ತಿಲ್ಲ. ದೂರು ಹೇಳುವುದನ್ನು ನಾನು ಐದನೇ ವರ್ಷಕ್ಕೇ ಬಿಟ್ಟಿದ್ದೆ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ. ಹಳೇ ಮನೆ ಕೊಂಡು ನೋಡು ಅಂತ ಯಾರೂ ಹೇಳಿರಲಿಲ್ಲ. ನಾವು ಕೊಂಡಾಗಲೇ ಇದಕ್ಕೆ ಅರವತ್ತು ದಾಟಿತ್ತು. ಒಂದು ಕಡೆ ತೇಪೆ ಹಾಕಿದರೆ ಇನ್ನೊಂದು ಕಡೆ ಬಾಯಿ ಬಿಡುತ್ತಿತ್ತು. ಇದನ್ನು ನಿಲ್ಲಿಸಿಕೊಂಡು ಬಂದವರು ನಮ್ಮವರ ಗೆಳೆಯರು. ನಮ್ಮವರದು ಬಣ್ಣ ಬಳಿಯುವ ಕೆಲಸ. ಗೆಳೆಯರು ಮೂವರು: ವಯಸ್ಸಿನಲ್ಲಿ ಎಲ್ಲರಿಗೂ ಹಿರಿಯರಾದ ಬಡಗಿಯಣ್ಣ, ಎಲ್ಲರಿಗೂ ಚಿಕ್ಕವನಾದ ಕೊಳಾಯಿ ಕೆಲಸದವನು, ನಡುವೆ ಮೇಸ್ತ್ರಿ. ಕೊಳಾಯಿಯವನನ್ನು ಎಲ್ಲರೂ ‘ನಲ್ಲಿ’ ಅಂತಲೇ ಕರೆಯುವುದು. ಕೆಲಸದಿಂದಲೂ ಹೌದು, ಒಮ್ಮೆ ತೆರೆದರೆ ನಿಲ್ಲದ ಬಾಯಿಯಿಂದಲೂ ಹೌದು. ಮೇಸ್ತ್ರಿ ನಮ್ಮವರಿಗಿಂತ ಎರಡು ವರ್ಷ ಚಿಕ್ಕವನು, ನನಗೆ ಮೈದುನನ ಹಾಗೆ.

ತಿಂಗಳಿಗೊಂದು ರಜಾದಿನ, ಸರದಿಯ ಮೇಲೆ ಒಬ್ಬೊಬ್ಬರ ಮನೆ. ಯಾರ ಮನೆಯ ಕೆಲಸವೋ ಆ ದಿನ ಆ ಮನೆಯವರು ಬಾಯಿ ಬಿಡಬಾರದು, ಕೆಲಸಕ್ಕೆ ಕೈ ಹಾಕಬಾರದು. ಚಹಾ ಕೊಡಬಹುದು. ಮಾತಾಡಿದವರು ಸಂಜೆ ಎಲ್ಲರ ಕೆಲಸದ ಸಾಮಾನು ತೊಳೆದು ಕೊಡಬೇಕು. ಈ ನಿಯಮ ಮಾಡಿದವನು ಮೇಸ್ತ್ರಿ. ಮನೆಯವರ ಸಲಹೆಗಳನ್ನು ಕೇಳಿ ಕೇಳಿ ಬೇಸತ್ತು ಮಾಡಿದ್ದಾನೆ ಎಂದುಕೊಂಡಿದ್ದೆ. ನಮ್ಮವರಿಗೆ ಇದರಿಂದ ಕಷ್ಟವೇನೂ ಇರಲಿಲ್ಲ. ಅವರ ಮಾತು ಯಾವತ್ತೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ಆ ಕಡೆಗೂ ಈ ಕಡೆಗೂ ಬೆಳಕು. ಮದುವೆಯಾದ ಹೊಸದರಲ್ಲಿ ಸೀರೆ ಚೆನ್ನಾಗಿದೆಯಾ ಎಂದು ಕೇಳಿದರೆ, ಸೀರೆ ಅಂದಮೇಲೆ ಸೀರೆ ಅಂದವರು.

ಈಗ ಗೋಡೆಯ ವಿಷಯ. ಅದು ಮೇಸ್ತ್ರಿ ಗುರುವಿನ ನೆರಳಿನಿಂದ ಆಚೆ ಬಂದು ಒಬ್ಬನೇ ಕಟ್ಟಿದ ಮೊದಲ ಗೋಡೆ. ಮೊದಲ ದಿನ ಎದೆಮಟ್ಟದವರೆಗೆ ಕಟ್ಟಿದ. ಮರುದಿನ ಹಲಗೆಯ ಮೇಲೆ ನಿಂತು ತೊಲೆಯವರೆಗೆ ಮುಗಿಸಿದ. ಗಾರೆ ಮಾಡಿ, ಒಣಗಿಸಿ, ಕೊನೆಗೆ ಗೋಡೆಯ ಮೇಲೆ ಅಂಗೈ ಇಟ್ಟು, “ತೂಗುಗುಂಡು ಬಿಟ್ಟು ನೋಡಿ ಅತ್ತಿಗೆ, ಕೂದಲೆಳೆಯಷ್ಟೂ ಆಚೀಚೆ ಇಲ್ಲ” ಅಂದ. ಅವನು ಮನೆಗೆ ಹೋದ ಮೇಲೆ ನಮ್ಮವರು ಸುಮ್ಮನಿರಲಾರದೆ ನಿಜವಾಗಿಯೂ ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟರು. ಎದೆಮಟ್ಟದಿಂದ ಮೇಲಕ್ಕೆ ಗೋಡೆ ನಡುಮನೆಯ ಕಡೆಗೆ ಎರಡು ಬೆರಳು ವಾಲಿತ್ತು.

ಹೇಳಬಹುದಾಗಿತ್ತು. ಹೇಳಲಿಲ್ಲ. ಮೇಸ್ತ್ರಿಯ ಅಭಿಮಾನ ಅವರಿಗೆ ಗೊತ್ತು. ಕೆಲಸದ ಬಗ್ಗೆ ಯಾರೋ ಒಂದು ಮಾತು ಅಂದರೆಂದು ಸ್ವಂತ ಭಾವನ ಮನೆಯ ಹೊಸ್ತಿಲನ್ನು ಇವತ್ತಿಗೂ ತುಳಿಯದವನು ಅವನು. ಆದ್ದರಿಂದ ನಮ್ಮವರು ಗುಟ್ಟಾಗಿ ಬಡಗಿಯಣ್ಣನ ಹತ್ತಿರ ಹೋದರು. ವಾರದೊಳಗೆ ಬೀರು ಬಂತು, ಅದರ ಬೆನ್ನು ಗೋಡೆಯ ಓರೆಗೆ ಸರಿಯಾಗಿ ಮೇಲ್ಗಡೆ ಎರಡು ಬೆರಳು ಒಳಕ್ಕೆ. ಬೀರು ಮುಚ್ಚದೆ ಉಳಿದ ಮೂಲೆಯಲ್ಲಿ ನಮ್ಮವರು ಕಂದುಬಣ್ಣದ ಪಟ್ಟಿ ಎಳೆದರು, ಕೆಳಗೆ ನಾಲ್ಕು ಬೆರಳು ಅಗಲ, ತೊಲೆಯ ಹತ್ತಿರ ಎರಡೇ ಬೆರಳು. ನೋಡಿದವರ ಕಣ್ಣು ಪಟ್ಟಿಯ ಅಂಚನ್ನು ಹಿಡಿದು ಗೋಡೆ ನೆಟ್ಟಗಿದೆ ಅಂದುಕೊಳ್ಳುತ್ತಿತ್ತು. ಮೂರು ವರ್ಷಕ್ಕೊಮ್ಮೆ ಆ ಪಟ್ಟಿಗೆ ತಪ್ಪದೆ ಹೊಸ ಬಣ್ಣ. ನನ್ನ ಅಡಿಗೆಮನೆಯ ಹೊಗೆ ಹಿಡಿದ ಗೋಡೆಗಳಿಗೆ ಮಾತ್ರ ಆರು ವರ್ಷಕ್ಕೊಮ್ಮೆ.

ಮೇಸ್ತ್ರಿ ಮುಂದೆ ದೊಡ್ಡ ಕೆಲಸಗಾರನಾದ. ಮನೆ ಕಟ್ಟಿಸುವವರನ್ನು ನಮ್ಮಲ್ಲಿಗೆ ಕರೆತಂದು, “ಇದೇ ನನ್ನ ಮೊದಲ ಗೋಡೆ, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಕೇಳಿ ಬೇಕಾದ್ರೆ ಇವನನ್ನ” ಅನ್ನುತ್ತಿದ್ದ. ಬಂದವರು ಬೀರುವನ್ನು ನೋಡಿ ತಲೆಯಾಡಿಸುತ್ತಿದ್ದರು. ನಮ್ಮವರು ಪ್ರತಿಸಲವೂ, “ಗೋಡೆ ಅಂದ್ರೆ ಗೋಡೆ ಕಣೋ” ಅನ್ನುತ್ತಿದ್ದರು. ನಾನು ಒಳಗೆ ಪಾತ್ರೆ ಸ್ವಲ್ಪ ಜೋರಾಗಿಯೇ ಇಡುತ್ತಿದ್ದೆ. ಮೂಲೆ ನೋಡಿದರೆ ಸಾಕು, ಗಾರೆ ಕೆಲಸದವನಿಗೆ ಗೊತ್ತಾಗಬೇಕು. ಹೆತ್ತವರಿಗೆ ಹೆಗ್ಗಣ ಮುದ್ದು, ಇವನಿಗೆ ತನ್ನ ಗೋಡೆಯ ಡೊಂಕು ಕಾಣುವುದೇ ಇಲ್ಲ ಎಂದುಕೊಂಡಿದ್ದೆ.

ಹೋದ ವರ್ಷ ಆ ಗೋಡೆಯ ಬುಡದಲ್ಲಿ ತೇವ ಕಾಣಿಸಿತು. ಒಳಗಿನ ಹಳೇ ಪೈಪು ಸೋರುತ್ತಿತ್ತು. ಬೀರುವಿನ ಕಾಲು ಊದಿಕೊಂಡಿತು. ನಮ್ಮವರು ನಮ್ಮ ಸರದಿಯನ್ನು ಮೂರು ಸಲ ಬೇರೆಯವರಿಗೆ ಬಿಟ್ಟುಕೊಟ್ಟರು. ಒಮ್ಮೆ ಬೆನ್ನುನೋವು, ಒಮ್ಮೆ ನನ್ನ ತಲೆನೋವು, ಅದು ನನಗೇ ಗೊತ್ತಿರಲಿಲ್ಲ, ಮತ್ತೊಮ್ಮೆ ಕಾರಣವೇ ಇಲ್ಲ. ಮೂರನೇ ಸಲ ನಾನು ಕೇಳಿದೆ: “ಎಷ್ಟು ದಿನ ಅಂತ ರೀ?”

“ಬೀರು ಸರಿಸಿದರೆ ಅವನು ನೋಡ್ತಾನೆ. ಎಲ್ಲರ ಎದುರು ತಲೆ ತಗ್ಗಿಸ್ತಾನೆ. ಆಮೇಲೆ ಈ ಮನೆ ಕಡೆ ಬರಲ್ಲ ಅವನು” ಅಂದರು. ಇವರು ಇಷ್ಟು ನೇರವಾಗಿ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಮುಖ ನೋಡಿ ಪಾಪ ಅನ್ನಿಸಿತು. ಆದರೆ ನೀರಿಗೆ ಪಾಪ ಪುಣ್ಯ ಗೊತ್ತಿಲ್ಲವಲ್ಲ. ತೇವ ಮೊಣಕಾಲುಮಟ್ಟಕ್ಕೆ ಏರಿತು.

ಕೊನೆಗೂ ದಿನ ಬಂತು. ಬೆಳಿಗ್ಗೆ ಎಂಟಕ್ಕೆ ಮೂವರೂ ಬಂದರು. ಬಡಗಿಯಣ್ಣ ಬೀರುವನ್ನು ಸರಿಸುವ ಮುನ್ನ ನಮ್ಮವರ ಮುಖ ನೋಡಿದರು. ನಮ್ಮವರು ನೆಲ ನೋಡಿದರು. ಬೀರು ಕಿರುಗುಟ್ಟುತ್ತಾ ಜರುಗಿತು. ಹಿಂದೆ ಇಪ್ಪತ್ತೆರಡು ವರ್ಷದ ಧೂಳು, ಎರಡು ಚಮಚ, ಕಳೆದುಹೋಯಿತೆಂದು ನಾನು ಮನೆಗೆಲಸದವಳ ಮೇಲೆ ಅನುಮಾನಪಟ್ಟಿದ್ದ ಒಂದು ಸಣ್ಣ ಕತ್ತರಿ. ಅವಳು ಕೆಲಸ ಬಿಟ್ಟು ಹೋಗಿಯೇ ಎಷ್ಟೋ ವರ್ಷವಾಗಿತ್ತು. ನಾನು ಕತ್ತರಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

ಪೈಪು ಎಲ್ಲಿದೆ ಎಂದು ನೋಡಲು ನಲ್ಲಿ ಹಿಂದೆ ಸರಿದು ನಿಂತ. ಗೋಡೆಯನ್ನು ಕೆಳಗಿಂದ ಮೇಲಕ್ಕೆ ನೋಡಿದ.

“ಮೇಸ್ತ್ರಿ, ನಿನ್ನ ಗೋಡೆ ವಾಲಿದೆಯಲ್ಲೋ!”

ಬಡಗಿಯಣ್ಣ ಬೀರುವಿನ ಬಾಗಿಲು ತೆರೆದು ಒಳಗೆ ಏನನ್ನೋ ಬಹಳ ಆಸಕ್ತಿಯಿಂದ ನೋಡತೊಡಗಿದರು. ನಮ್ಮವರು ಖಾಲಿಯಾಗಿದ್ದ ಚಹಾದ ಲೋಟವನ್ನು ಮತ್ತೆ ಬಾಯಿಗೆ ಇಟ್ಟುಕೊಂಡರು.

“ಗೊತ್ತು ಬಿಡೋ. ಎರಡು ಬೆರಳು” ಅಂದ ಮೇಸ್ತ್ರಿ.

ಆಮೇಲೆ ಚೀಲದಿಂದ ತೂಗುಗುಂಡು ತೆಗೆದು, ಸ್ಟೂಲು ಹತ್ತಿ, ತೊಲೆಯ ಬುಡದಿಂದ ದಾರ ಇಳಿಬಿಟ್ಟ. ಗುಂಡು ತೂಗಿ ತೂಗಿ ನಿಂತಿತು. ಗುಂಡಿಗೂ ಗೋಡೆಗೂ ನಡುವೆ ಬೆರಳಿಟ್ಟು ತೋರಿಸಿದ. ಎರಡು ಸರಿಯಾಗಿ ಹಿಡಿದವು.

“ಅವತ್ತೂ ಎರಡೇ ಇತ್ತು. ಇಷ್ಟು ವರ್ಷದಲ್ಲಿ ಒಂಚೂರೂ ಜಾಸ್ತಿ ಆಗಿಲ್ಲ. ಡೊಂಕಾದ್ರೂ ಗಟ್ಟಿ ಕಟ್ಟಿದೀನಿ ನೋಡು.”

ಅವನು ನಗಲು ನೋಡಿದ, ಆಗಲಿಲ್ಲ. ಸ್ಟೂಲಿನ ಮೇಲೇ ಕೂತು ನನ್ನ ಕಡೆ ತಿರುಗಿದ. “ಕಟ್ಟಿದ ಮೇಲೆ ವಾರ ಪೂರ್ತಿ ನಿದ್ದೆ ಬರಲಿಲ್ಲ ಅತ್ತಿಗೆ. ಎರಡನೇ ದಿನ ಗುಂಡು ಬಿಟ್ಟೇ ಇರಲಿಲ್ಲ ಅಂತ ಮನೆಗೆ ಹೋದ್ಮೇಲೆ ನೆನಪಾಯ್ತು. ಒಡೆದು ಮತ್ತೆ ಕಟ್ಟೋಣ ಅಂತ ಸುತ್ತಿಗೆ, ಉಳಿ ಹಾಕ್ಕೊಂಡು ಬಂದೆ. ಬಂದು ನೋಡಿದ್ರೆ ಬೀರು ನಿಂತಿದೆ, ಇವನು ಮೂಲೇಲಿ ಪಟ್ಟಿ ಬಳೀತಾ ಇದಾನೆ, ಕೆಳಗೆ ನಾಲ್ಕು ಬೆರಳು, ಮೇಲೆ ಎರಡು. ಲೆಕ್ಕ ಅಲ್ಲೇ ಸಿಕ್ತು. ನನ್ನ ಮುಖ ನೋಡಿ ಗೋಡೆ ಅಂದ್ರೆ ಗೋಡೆ ಕಣೋ ಅಂದ. ನಾನು ಏನಂತ ಬಾಯಿ ಬಿಡ್ಲಿ?”

ನನಗೆ ನೆನಪಾಯಿತು. ಅವನು ಭಾರದ ಚೀಲ ಹೊತ್ತು ಬಂದಿದ್ದ, ಚಹಾ ಕುಡಿದು ಚೀಲ ಬಿಚ್ಚದೆ ಹೋಗಿದ್ದ. ಈ ದಾರೀಲಿ ಹೋಗ್ತಿದ್ದೆ, ಹಾಗೇ ಬಂದೆ ಅತ್ತಿಗೆ ಅಂದಿದ್ದ.

“ಮತ್ತೆ ಊರೆಲ್ಲ ಕರ್ಕೊಂಡು ಬಂದು ಕೂದಲೆಳೆ, ಕೂದಲೆಳೆ ಅಂತಿದ್ಯಲ್ಲೋ?” ಎಂದ ನಲ್ಲಿ. ಅವನಿಗೆ ಯಾವಾಗ ನಿಲ್ಲಿಸಬೇಕೆಂದು ಗೊತ್ತಿಲ್ಲ.

“ಇವನು ನಗ್ತಾನೇನೋ ಅಂತ. ಒಂದು ಸಲ ನಕ್ಕಿದ್ರೆ ನಾನೂ ನಕ್ಕು ಒಪ್ಕೊಂಡು ಬಿಡ್ತಿದ್ದೆ. ಪ್ರತಿಸಲ ಇವನ ಮುಖ ನೋಡ್ತಿದ್ದೆ. ನಗಲೇ ಇಲ್ಲ. ಆಮೇಲೆ ಅದೇ ಅಭ್ಯಾಸ ಆಗೋಯ್ತು.”

ನನಗೆ ಸಿಟ್ಟು ಬಂತು. ಅಳುವೂ ಬಂತು, ಆದರೆ ಸಿಟ್ಟು ಮುಂದಿತ್ತು. ಇಬ್ಬರು ಗಂಡಸರು ಒಬ್ಬರ ಮನಸ್ಸನ್ನು ಇನ್ನೊಬ್ಬರು ನೋಯಿಸಬಾರದೆಂದು ಇಪ್ಪತ್ತೆರಡು ವರ್ಷ ಕಾದಿದ್ದಾರೆ. ಆ ಮರ್ಯಾದೆಗೆ ಬಾಡಿಗೆಯಾಗಿ ನನ್ನ ಬಾಗಿಲು ಹೋಗಿದೆ.

“ನೀವಿಬ್ಬರೂ ಒಳ್ಳೆಯವರಪ್ಪ. ಏಡಿ ಹಾಗೆ ನಡೆದೋಳು ನಾನು” ಅಂದೆ.

“ಅತ್ತಿಗೆ ಮಾತಾಡಿದ್ರು! ಸಾಮಾನು ಅತ್ತಿಗೇನೇ ತೊಳೀಬೇಕು” ಎಂದು ನಲ್ಲಿ ಕೂಗಿದ.

“ಆ ನಿಯಮ ಎಲ್ಲಿಂದ ಬಂತು ಅನ್ಕೊಂಡೆ?” ಅಂದ ಮೇಸ್ತ್ರಿ. “ಎರಡನೇ ದಿನ ಇವನು ಕೆಳಗಿಂದ ಇಟ್ಟಿಗೆ ಕೊಡ್ತಾ ಕತೆ ಹೇಳ್ತಿದ್ದ. ನಗ್ತಾ ನಗ್ತಾ ತೊಲೆ ತನಕ ಹೋಗಿದ್ದೇ ಗೊತ್ತಾಗಲಿಲ್ಲ. ಅದಕ್ಕೇ, ಮನೆಯವರು ಬಾಯಿ ಬಿಡಬಾರದು.”

ನಮ್ಮವರು ಕತೆ ಹೇಳಿ ಒಬ್ಬನನ್ನು ನಗಿಸುತ್ತಿದ್ದರು ಅನ್ನುವುದೇ ನನಗೆ ಹೊಸದು. ಬಹುಶಃ ಆ ಗೋಡೆಯ ನಂತರ ಬಿಟ್ಟರು.

ಮೇಸ್ತ್ರಿ ಸ್ಟೂಲಿನಿಂದ ಇಳಿದ. ಉಳಿ ಹಿಡಿದು ಎದೆಮಟ್ಟದಿಂದ ಮೇಲಿನ ಗೋಡೆಯನ್ನು ಬಿಚ್ಚತೊಡಗಿದ. ಮೊದಲ ಇಟ್ಟಿಗೆ ಕಳಚಿದಾಗ ನಮ್ಮವರು ಎದ್ದು ಹಿತ್ತಿಲಿಗೆ ಹೋದರು. ಒಗೆಯುವ ಕಲ್ಲಿನ ಮೇಲೆ ಬೆನ್ನು ಮಾಡಿ ಕೂತರು, ಕರೆದರೂ ಬರಲಿಲ್ಲ. ಒಳಗೆ ನಲ್ಲಿ ಗೋಡೆಯ ಬುಡ ಕೊರೆದು ಹೊಸ ಪೈಪು ಕೂರಿಸಿದ. ಬಡಗಿಯಣ್ಣ ಬೀರುವಿನ ಊದಿದ ಕಾಲು ಕತ್ತರಿಸಿದರು. ಊಟದ ಹೊತ್ತಿಗೆ ನಡುಮನೆಯಿಂದಲೇ ನನ್ನ ಒಲೆ ಕಾಣುತ್ತಿತ್ತು.

ಮಧ್ಯಾಹ್ನ ಮೇಸ್ತ್ರಿ ಹಲಗೆ ಹತ್ತಿದ. ಒಬ್ಬನೇ ಕಟ್ಟಿದ. ಪ್ರತಿ ಎರಡು ಸಾಲಿಗೆ ದಾರ ಬಿಟ್ಟು ನೋಡುತ್ತಿದ್ದ, ತುಟಿ ಬಿಗಿಹಿಡಿದಿದ್ದ. ತೊಲೆಗೆ ಇನ್ನೊಂದೇ ಸಾಲು ಬಾಕಿ ಇರುವಾಗ ಕೆಳಗಿಳಿದು, ಕೈ ಒರೆಸಿಕೊಂಡು, “ಅವನನ್ನ ಕರೀರಿ” ಅಂದ.

ನಮ್ಮವರು ಬಂದು ಬಾಗಿಲಲ್ಲಿ ನಿಂತರು. ಮೇಸ್ತ್ರಿ ತೂಗುಗುಂಡನ್ನು ಅವರ ಕೈಗೆ ಹಾಕಿದ.

“ಅವತ್ತು ನಾನು ಹೋದ್ಮೇಲೆ ನೀನು ನೋಡಿದೆ. ಇವತ್ತು ನಾನಿರುವಾಗ ನೋಡು. ಬಾಯಿ ಬಿಟ್ಟು ಹೇಳು, ಇವತ್ತು ನಿಯಮ ಇಲ್ಲ.”

ನಮ್ಮವರು ಹಲಗೆ ಹತ್ತಿದರು. ದಾರ ಬಿಟ್ಟರು. ಗುಂಡು ಅತ್ತಿತ್ತ ತೂಗಿತು. ನಿಂತಿತು. ಕೆಳಗೆ ನಿಂತ ನನಗೂ ಕಂಡಿತು: ಗುಂಡು ಗೋಡೆಯನ್ನು ಮುಟ್ಟಿರಲಿಲ್ಲ. ನಡುವೆ ಸಣ್ಣದೊಂದು ಬೆಳಕಿನ ಗೀರು.

“ಗೋಡೆ ಅಂದ್ರೆ” ಎಂದರು ನಮ್ಮವರು.

ಮೇಸ್ತ್ರಿ ಕತ್ತೆತ್ತಿ ನೋಡುತ್ತಿದ್ದ. ನಮ್ಮವರು ದಾರವನ್ನು ಮತ್ತೊಮ್ಮೆ ನೋಡಿದರು. ಒಂದು ಗೆಳೆತನ ಹೋಯಿತು ಅಂತಲೇ ಅವರು ಅಂದುಕೊಂಡಿರಬೇಕು.

“ಅರ್ಧ ಬೆರಳು. ಈ ಕಡೆಗೆ.”

“ಎಲ್ಲಿಂದ?”

“ಮೇಲಿನ ನಾಲ್ಕು ಸಾಲು.”

ಮೇಸ್ತ್ರಿ ತಲೆ ತಗ್ಗಿಸಲಿಲ್ಲ. ಕಣ್ಣು ಒರೆಸಿಕೊಂಡ. ಮುಂಗೈಯಲ್ಲಿದ್ದ ಗಾರೆ ಕೆನ್ನೆಗೆ ಹತ್ತಿತು. “ಇಷ್ಟು ಹೇಳೋಕೆ ಇಪ್ಪತ್ತೆರಡು ವರ್ಷ ಬೇಕಾಯ್ತಲ್ಲೋ ನಿಂಗೆ” ಅಂದ. ಹಲಗೆ ಹತ್ತಿ, ಗಾರೆ ಇನ್ನೂ ಹಸಿಯಾಗಿದ್ದ ಇಟ್ಟಿಗೆಗಳನ್ನು ಒಂದೊಂದಾಗಿ ತೆಗೆದು ಇವರ ಕೈಗೆ ಕೊಟ್ಟ. ಇವರು ಗಾರೆ ಕೆರೆದು ಮತ್ತೆ ಎತ್ತಿ ಕೊಟ್ಟರು. ಇಷ್ಟು ವರ್ಷ ಗೋಡೆ ಕಟ್ಟಿದವನು, ಎರಡು ಸಾಲಿಗೊಮ್ಮೆ ದಾರ ಬಿಟ್ಟವನು, ಆ ನಾಲ್ಕು ಸಾಲನ್ನು ಹೇಗೆ ತಪ್ಪಿದ? ಕಣ್ಣು ಮಂಜಾಗಿತ್ತೋ, ಬೇಕೆಂದೇ ಬಿಟ್ಟನೋ, ನಾನು ಕೇಳಿಲ್ಲ. ಕೇಳುವುದೂ ಇಲ್ಲ. ಈ ಸಲ ಗುಂಡು ಗೋಡೆಗೆ ತಾಗಿಯೂ ತಾಗದ ಹಾಗೆ ನಿಂತಿತು.

ಬೀರುವನ್ನು ಎದುರಿನ ಗೋಡೆಗೆ ತಳ್ಳಿದರು. ನೆಟ್ಟಗಿನ ಗೋಡೆಗೆ ಅದರ ಬೆನ್ನು ಒಗ್ಗುವುದಿಲ್ಲ, ಮೇಲ್ಗಡೆ ಎರಡು ಬೆರಳು ಸಂದು. ಮುಂದಿನ ತಿಂಗಳು ಬೆನ್ನು ಬಿಚ್ಚಿ ಸರಿಮಾಡಿಕೊಡುತ್ತೇನೆ ಎಂದು ಬಡಗಿಯಣ್ಣ ಹೇಳಿದ್ದಾರೆ. ಅವರ ಮುಂದಿನ ತಿಂಗಳು ಯಾವಾಗ ಬರುತ್ತದೋ ನೋಡಬೇಕು. ಆ ಸಂಜೆ ಸಾಮಾನು ನಾನೇ ತೊಳೆದೆ, ನಿಯಮ ನಿಯಮವೇ.

ತೊಳೆದು ಚಹಾ ಮಾಡಿದೆ. ನಾಲ್ಕು ಲೋಟ ತಟ್ಟೆಯಲ್ಲಿಟ್ಟು ಅಡಿಗೆಮನೆಯಿಂದ ಹೊರಟೆ. ಬಾಗಿಲು ಪೂರ್ತಿ ಖಾಲಿ ಇತ್ತು. ನಾನು ಅಡ್ಡ ತಿರುಗಿ ಏಡಿಯ ಹಾಗೆ ದಾಟಿದೆ.

ಮೊದಲು ನಕ್ಕವರು ನಮ್ಮವರು. ತಡೆಯಲಾರದೆ, ತೊಡೆ ತಟ್ಟಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ನಲ್ಲಿ ನಕ್ಕ, ಬಡಗಿಯಣ್ಣ ನಕ್ಕರು. ಮೇಸ್ತ್ರಿ ಮಾತ್ರ ಲೋಟ ತೆಗೆದುಕೊಳ್ಳುವುದನ್ನೂ ಮರೆತು ನಮ್ಮವರ ಮುಖವನ್ನೇ ನೋಡುತ್ತಾ ಕೂತಿದ್ದ.