ಅಲೋ ಮಾಡ್ತೀವಿ

ಜಂಬಣ್ಣನಿಗೂ ಇಂಗ್ಲಿಷಿಗೂ ಎಣ್ಣೆ-ಸೀಗೇಕಾಯಿ ಸಂಬಂಧ. ಆದರೂ ಅಪ್ಪಣೆ ಕೊಡುವ 'ಅಲೋ' ಎಂಬ ಒಂದು ಮಾತು ಮಾತ್ರ ಅವನ ನಾಲಗೆಯ ಮೇಲೆ ಮನೆ ಕಟ್ಟಿಕೊಂಡಿತ್ತು. ಊಟದ ಹೊತ್ತಿಗೆ ಟಿವಿ ಅಲೋ ಇಲ್ಲ, ಪಡಸಾಲೆಯಲ್ಲಿ ಚಪ್ಪಲಿ ಅಲೋ ಇಲ್ಲ. 'ನಾನು ಬೇಡ ಅಂತೀನಿ' ಎಂದರೆ ಜಗಳ ತನ್ನ ಮೇಲೇ ಬರುತ್ತದೆ. 'ಅಲೋ ಇಲ್ಲ' ಎಂದುಬಿಟ್ಟರೆ ಸರ್ಕಾರದ ಆದೇಶವೇನೋ ಎಂಬಂತೆ ಎಲ್ಲರೂ ಸುಮ್ಮನಾಗುತ್ತಾರೆ. ಭಲೇ ಸುಖದ ಮಾತು ಅದು.

ಆ ಭಾನುವಾರ ಹೊಸದುರ್ಗದ ಅವನ ಮನೆಗೆ ಹೊಳಲ್ಕೆರೆಯಿಂದ ಗಂಡಿನ ಕಡೆಯವರು ಬಂದಿದ್ದರು. ಮಗಳು ಸಹನಾ ಹಿರಿಯೂರಿನ ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆಯ ಕೆಲಸದಲ್ಲಿದ್ದಳು. ಆ ಕೆಲಸ ಬಿಡಲಾರೆನೆಂಬ ಅವಳ ಹಟಕ್ಕೆ ಮೂರ್ನಾಲ್ಕು ಸಂಬಂಧ ಮುರಿದುಹೋಗಿದ್ದವು. ಇದೂ ಹೋದರೆ ಗತಿಯೇನು ಎಂಬ ದಿಗಿಲು ಜಂಬಣ್ಣನಿಗೆ.

ಉಪ್ಪಿಟ್ಟು, ಕೇಸರಿಬಾತು ಮುಗಿದವು. ವರನ ತಂದೆ ತಿಪ್ಪೇರುದ್ರಪ್ಪ ಮೀಸೆ ಸವರಿಕೊಂಡು, "ನಾವು ಹಳೇ ಕಾಲದ ಜನ ಅಲ್ರಿ. ಹುಡುಗಿ ಕೆಲಸಕ್ಕೆ ಹೋಗ್ತೀನಿ ಅಂದ್ರೆ ಅಲೋ ಮಾಡ್ತೀವಿ" ಎಂದರು.

ಜಂಬಣ್ಣನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಹೂ ಮುಡಿಸಿ ಸಂಬಂಧ ಗಟ್ಟಿ ಮಾಡಲೆಂದು ಹೆಂಡತಿ ಪಾರ್ವತಮ್ಮ ಮಲ್ಲಿಗೆಯ ತಟ್ಟೆ ತಂದಿಟ್ಟಳು. ವರನ ತಾಯಿ ಇನ್ನೇನು ದಂಡೆ ಎತ್ತಿಕೊಳ್ಳಬೇಕು, ಸಹನಾ ವರ ಮಲ್ಲೇಶನ ಕಡೆ ತಿರುಗಿ, "ನಿಮ್ಗೆ ಕೆಲಸಕ್ಕೆ ಹೋಗಾಕೆ ಯಾರು ಅಲೋ ಮಾಡಿದ್ರು?" ಎಂದು ಕೇಳಿಯೇಬಿಟ್ಟಳು.

ಬಾಯಿ ತೆರೆದ ಮಲ್ಲೇಶ ಅಪ್ಪನ ಮುಖ ನೋಡಿದ. ಜಂಬಣ್ಣ, "ಲೇ, ಏನ್ ಮಾತದು! ತೆಪ್ಪಗೆ ಕುಂತ್ಕ" ಎಂದು ಗದರಿದ.

ಆಗ ಪಾರ್ವತಮ್ಮ, ಗಂಡನಿಗೆ ಎಂದೂ ಎದುರಾಡದವಳು, ಬಗ್ಗಿ ಹೂವಿನ ತಟ್ಟೆಯನ್ನು ವಾಪಸು ಎತ್ತಿಕೊಂಡಳು. ಮುಂದಿಟ್ಟ ಹೂವನ್ನು ಹೆಣ್ಣಿನ ತಾಯಿಯೇ ಹಿಂದಕ್ಕೆ ತೆಗೆದದ್ದನ್ನು ಅಲ್ಲಿದ್ದ ಯಾರೂ ಕಂಡು ಕೇಳಿರಲಿಲ್ಲ.

"ಏನೇ, ತಲೆ ಕೆಟ್ಟೈತಾ?" ಎಂದ ಜಂಬಣ್ಣ.

"ನೆಟ್ಟಗೇ ಐತೆ. ಮದ್ವಿ ಆದ್ಮ್ಯಾಲೆ ಓದಾಕೆ ಬಿಡ್ತೀವಿ ಅಂತ ನಿಮ್ಮಪ್ಪಾರೂ ನಮ್ಮನ್ಯಾಗೆ ಹಿಂಗೇ ಕುಂತ್ಕಂಡು ಹೇಳಿದ್ರು. ನಾನು ನಂಬಿ ಹೂ ಮುಡ್ಕಂಡೆ."

"ಅಪ್ಪ ಆಮ್ಯಾಲೆ ಒಪ್ಪಲಿಲ್ಲ. ಅದಕ್ಕೆ ನಾನೇನ್ ಮಾಡಾಕಾಗ್ತಿತ್ತು?"

"ಮಾವ ಸಾಯಾಕೆ ಮುಂಚೆ ಎಲ್ಲಾ ಹೇಳಿ ಹೋದ್ರು. ಅವರು ಬ್ಯಾಡ ಅಂದಿರ್ಲಿಲ್ಲಂತೆ."

ಜಂಬಣ್ಣನ ಅಪ್ಪ ತೀರಿಕೊಂಡು ಸಹನಾಳ ವಯಸ್ಸಿನಷ್ಟು ಕಾಲವಾಗಿತ್ತು. ಅಷ್ಟು ವರ್ಷ ದಿನವೂ ಎದುರಿಗೆ ಕೂತು ಬಡಿಸುತ್ತಿದ್ದವಳಿಗೆ, ಅಪ್ಪನ ಹೆಸರಿನಲ್ಲಿ ಬೇಡ ಎಂದವರು ಯಾರೆಂದು ಗೊತ್ತಿತ್ತು.