ಸಂವಿಧಾನದ ಸೂಜಿ

ನಮ್ಮಮ್ಮನ ಹೊಲಿಗೆ ಯಂತ್ರವನ್ನು ಕಿಟಕಿಯ ಕಡೆಗೆ ಮೂರೇ ಮೂರು ಅಡಿ ಸರಿಸಬೇಕಿತ್ತು. ಅಷ್ಟಕ್ಕೆ ಸಂವಿಧಾನವನ್ನೇ ತಿದ್ದಬೇಕು ಎಂದರೆ ಯಾರಿಗೆ ತಾನೇ ಮೈ ಉರಿಯುವುದಿಲ್ಲ? ನನಗಂತೂ ಮೂರು ವರ್ಷದಿಂದ ಉರಿಯುತ್ತಲೇ ಇತ್ತು.

ಇದಕ್ಕೆಲ್ಲ ಮೂಲ ಒಂದು ಹರಿದ ಪ್ಯಾಂಟು. ದೇಶವನ್ನು ಪ್ರಾಂತ್ಯಗಳಾಗಿ ಹಂಚಿದಾಗ ಗಡಿ ಅಳೆಯಲು ಬಂದ ಸರ್ವೆಯರ್ ಮಹಾಶಯನ ಪ್ಯಾಂಟು ನಮ್ಮ ಬೀದಿಯ ಬೇಲಿಗೆ ಸಿಕ್ಕಿ ಹಿಂಬದಿಯಲ್ಲಿ ಪರ್ರನೆ ಹರಿಯಿತಂತೆ. ಆಗಷ್ಟೇ ಅಂಗಡಿ ಇಟ್ಟಿದ್ದ ಅಮ್ಮ ಅದನ್ನು ಹೊಲಿದು ಕೊಡುವವರೆಗೆ ಆತ ಟವೆಲು ಸುತ್ತಿಕೊಂಡು ಸ್ಟೂಲಿನ ಮೇಲೆ ಕೂತಿದ್ದ. ಹೊರಗೆ ಹೋಗಿ ಗಡಿಕಲ್ಲು ನೆಡಿಸೋಣವೆಂದರೆ ಮಾನದ ಪ್ರಶ್ನೆ. ಕೂತಲ್ಲೇ ಬರೆದುಬಿಟ್ಟ: 'ಗುಡ್ಡದ ಬಂಡೆಯಿಂದ ಹೊರಟ ಗಡಿರೇಖೆಯು ಈ ಅಂಗಡಿಯ ದರ್ಜಿಯ ಬಳಕೆಯಲ್ಲಿರುವ ಸೂಜಿಯನ್ನು ಹಾದು ನೇರವಾಗಿ ಸಮುದ್ರವನ್ನು ಸೇರತಕ್ಕದ್ದು.' ಅದನ್ನು ಯಾರೂ ಓದಲಿಲ್ಲ, ಎಲ್ಲರೂ ಸಹಿ ಹಾಕಿದರು. ಆ ಸಾಲು ಸೀದಾ ಸಂವಿಧಾನದ ಅನುಸೂಚಿಯೊಳಗೆ ಹೋಗಿ ಕೂತಿತು.

ಅಂದಿನಿಂದ ನಮ್ಮ ಅಂಗಡಿಯಲ್ಲಿ ಸೂಜಿಯ ಬಲಕ್ಕೆ ಮೂಡಣ ಪ್ರಾಂತ್ಯ, ಎಡಕ್ಕೆ ಪಡುವಣ ಪ್ರಾಂತ್ಯ. ಯಂತ್ರ ಕದಲದಂತೆ ಅದರ ಎರಡು ಕಾಲಿಗೆ ಒಬ್ಬರ ಬೋಲ್ಟು, ಇನ್ನೆರಡಕ್ಕೆ ಇನ್ನೊಬ್ಬರದು. ಸೂಜಿ ಮುರಿದರೆ ಹೊಸದು ಹಾಕುವಾಗ ಎರಡೂ ಕಡೆಯ ಅಧಿಕಾರಿಗಳು ಎದುರಿಗಿರಬೇಕು. ಒಂದು ತೋಳನ್ನು ಒಂದು ಪ್ರಾಂತ್ಯದಲ್ಲಿ ಹೊಲಿದು ಇನ್ನೊಂದಕ್ಕೆ ಎಳೆದುಕೊಳ್ಳುತ್ತ ಅಮ್ಮ ನಲವತ್ತೈದು ವರ್ಷ ಕಳೆದಳು.

ಯಂತ್ರ ಇದ್ದದ್ದು ಕತ್ತಲೆ ಮೂಲೆಯಲ್ಲಿ. ಅಮ್ಮನ ಕಣ್ಣು ಮಂಜಾಗುತ್ತ ಬಂತು. ಹಗಲಿನ ಬೆಳಕಿನಲ್ಲಿ ಕೂತು ಕೆಲಸ ಮಾಡಿ, ಇಲ್ಲವೇ ಹೊಲಿಗೆ ಬಿಡಿ ಎಂದರು ಡಾಕ್ಟರು. ಸೂಜಿಯ ಮೇಲೆ ಒಂದು ಬಲ್ಬು ಹಾಕಿಸೋಣವೆಂದರೆ ಅದರ ಬೆಳಕು ಗಡಿ ದಾಟುತ್ತದೆಂದು ಎರಡೂ ವಿದ್ಯುತ್ ಇಲಾಖೆಗಳು ಕೈ ಎತ್ತಿದವು. ದಾರ ಪೋಣಿಸುವ ಕೆಲಸ ನನ್ನ ಪಾಲಿಗೆ ಬಂತು. ಬಂದವರನ್ನು ಅಮ್ಮ ಚಪ್ಪಲಿಯ ಸದ್ದಿನಿಂದ ಗುರುತು ಹಿಡಿಯತೊಡಗಿದಳು. ಹೋದ ತಿಂಗಳು ಒಬ್ಬ ಮೇಷ್ಟರ ಕೋಟಿಗೆ ಎರಡೂ ಎಡತೋಳುಗಳನ್ನೇ ಹಚ್ಚಿಬಿಟ್ಟಳು.

"ಬಿಟ್ಬಿಡೇ ಅಮ್ಮ, ಸಾಕು" ಎಂದೆ.

"ಬಿಟ್ಟು ಏನ್ ಮಾಡ್ಲಿ? ಗೋಡೆ ನೋಡ್ಕೊಂಡು ಕೂತ್ಕೊಳ್ಲಾ? ಅದೂ ಕಾಣಲ್ಲ ನಂಗೆ" ಎಂದಳು.

ಯಂತ್ರ ಸರಿಸಲು ಮೂರು ವರ್ಷದ ಹಿಂದೆಯೇ ಅರ್ಜಿ ಕೊಟ್ಟಿದ್ದೆವು. ಕಿಟಕಿ ಇರುವುದು ಪಡುವಣ ದಿಕ್ಕಿಗೆ. ಸೂಜಿ ಇಲ್ಲಿ ಮೂರಡಿ ಸರಿದರೆ ಗೆರೆ ಸಮುದ್ರ ಮುಟ್ಟುವ ಹೊತ್ತಿಗೆ ಒಂದು ರೈಲು ನಿಲ್ದಾಣ ಕೈತಪ್ಪುತ್ತದೆ ಎಂದು ಪಡುವಣದವರು ಬಾಯಿ ಬಡಿದುಕೊಂಡರು. ಆ ನಿಲ್ದಾಣದ ಛಾವಣಿ ಸೋರುತ್ತದೆ, ನಮಗೆ ಬೇಡವೇ ಬೇಡ ಎಂದರು ಮೂಡಣದವರು. ತಿದ್ದುಪಡಿಗೆ ಎರಡೂ ಶಾಸನಸಭೆಗಳು ಒಪ್ಪಬೇಕಂತೆ, ಆಮೇಲೆ ಸಂಸತ್ತಿನ ಮೂರನೇ ಎರಡರಷ್ಟು ಸದಸ್ಯರು ಕೈ ಎತ್ತಬೇಕಂತೆ. ಅಷ್ಟು ಜನರ ಕೈ ಒಟ್ಟಿಗೆ ಮೇಲೇಳುವುದು ಊಟದ ಗಂಟೆ ಬಾರಿಸಿದಾಗ ಮಾತ್ರ.

ಮೊನ್ನೆ ಬೆಳಿಗ್ಗೆ ದಪ್ಪ ಬಟ್ಟೆಗೆ ಸಿಕ್ಕಿ ಸೂಜಿ ಟಕ್ಕೆಂದು ಮುರಿಯಿತು. ಇಬ್ಬರೂ ಅಧಿಕಾರಿಗಳು ಏದುಸಿರು ಬಿಡುತ್ತ ಓಡಿ ಬಂದರು.

"ಬೇಗ ಹಾಕಿ ತಾಯಿ, ಗಡಿ ಇಲ್ದೆ ಹತ್ತು ನಿಮಿಷ ಆಯ್ತು" ಎಂದರು ಮೂಡಣದ ಸಾಹೇಬರು.

ಅಮ್ಮ ಡಬ್ಬಿಯಿಂದ ಹೊಸ ಸೂಜಿ ತೆಗೆದಳು. ಯಂತ್ರಕ್ಕೆ ಹಾಕಲಿಲ್ಲ. ತನ್ನ ಅಂಗಿಯ ಕಾಲರಿಗೆ ಚುಚ್ಚಿಕೊಂಡು ಎದ್ದು ನಿಂತಳು.

"ಸಂವಿಧಾನದಲ್ಲಿ ಯಂತ್ರ ಅಂತ ಇದ್ಯಾ, ಸೂಜಿ ಅಂತ ಇದ್ಯಾ?"

"ಸೂಜಿ" ಎಂದರು ಇಬ್ಬರೂ.

"ನನ್ನ ಬಳಕೇಲಿರೋ ಸೂಜಿ ಇದೊಂದೇ. ಬಾರೇ, ತರಕಾರಿ ತರೋಣ."

ಅಯ್ಯೋ ಅಮ್ಮಾ! ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವಳ ಕೈ ಹಿಡಿದು ಬೀದಿಗಿಳಿದೆ. ಅಮ್ಮ ಪಡುವಣಕ್ಕೆ ತಿರುಗಿದಳು. ಪಡುವಣದ ಸಾಹೇಬರು ನಕ್ಷೆ ಬಿಚ್ಚಿಕೊಂಡು ಹಿಂದೆ ಬಂದರು. ಸೈಕಲ್ ಅಂಗಡಿ ದಾಟುವಷ್ಟರಲ್ಲಿ ಅವರ ಹಡಗಿನ ಬಂದರು ಹೋಗಿತ್ತು. ಹಿಟ್ಟಿನ ಗಿರಣಿಯ ಹತ್ತಿರ ಅವರ ಅರ್ಧ ಧ್ವನಿಯೂ ಹೋಯಿತು.

"ನಿಂತ್ಕೊಳ್ಳಿ ತಾಯಿ! ಇನ್ನು ನಾಲ್ಕು ಹೆಜ್ಜೆ ಇಟ್ರೆ ನಮ್ಮ ರಾಜಧಾನಿ ಅವರದ್ದು!"

"ಪಾಪ, ವಯಸ್ಸಾದೋರು, ನಡೀಲಿ ಬಿಡಿ" ಎಂದರು ಮೂಡಣದ ಸಾಹೇಬರು, ಬಾಯಿ ಕಿವಿಯವರೆಗೆ ಹಿಗ್ಗಿಸಿ. "ಮುಂದಿನ ಅಂಗಡೀಲಿ ಟೊಮೆಟೊ ಚೆನ್ನಾಗಿರುತ್ತೆ ಅಮ್ಮ."

ಅಮ್ಮ ಅಲ್ಲೇ ನಿಂತು ಯೋಚಿಸಿದಳು. ಆಮೇಲೆ ಗಕ್ಕನೆ ತಿರುಗಿ ಮೂಡಣಕ್ಕೆ ಹೊರಟಳು. ನಮ್ಮ ಅಂಗಡಿ ದಾಟಿ ಔಷಧಿ ಅಂಗಡಿಯವರೆಗೆ ಹೋಗುವಷ್ಟರಲ್ಲಿ ಮೂಡಣದ ವಿಶ್ವವಿದ್ಯಾಲಯವೂ ಎರಡು ಅಣೆಕಟ್ಟುಗಳೂ ಆ ಕಡೆಯ ಪಾಲಾದವು. ನಗು ಇಳಿದು, ಆ ಸಾಹೇಬರು ಬೀದಿಯ ನಡುವೆಯೇ ಕೈ ಮುಗಿದರು.

"ಏನ್ ಬೇಕು ಹೇಳಿ ತಾಯಿ."

"ಬೆಳಕು" ಎಂದಳು ಅಮ್ಮ.

ಸ್ಪ್ಯಾನರ್ ಹುಡುಕಿ ತಂದವರು ಅವರೇ. ಬೋಲ್ಟು ಬಿಚ್ಚಿದವರೂ ಅವರೇ. ಇಬ್ಬರು ಗೆಜೆಟೆಡ್ ಅಧಿಕಾರಿಗಳು ಉಸ್ಸೋ ಉಸ್ಸೋ ಎಂದು ಯಂತ್ರ ಹೊತ್ತು ಕಿಟಕಿಯ ಕೆಳಗಿಟ್ಟರು. ರಾಜಧಾನಿ ಉಳಿಯಿತಲ್ಲ, ನಿಲ್ದಾಣ ಹಾಳಾಗಿ ಹೋಗಲಿ ಎಂದರು ಒಬ್ಬರು. ಛಾವಣಿ ರಿಪೇರಿ ಮಾಡಿಸಿಕೊಳ್ಳುತ್ತೇವೆ ಎಂದರು ಇನ್ನೊಬ್ಬರು. ಸಂವಿಧಾನದಲ್ಲಿ ಒಂದಕ್ಷರವೂ ಬದಲಾಗಲಿಲ್ಲ, ಬದಲಾಗುವ ಅಗತ್ಯವೂ ಬೀಳಲಿಲ್ಲ. ಬೆವರು ಒರೆಸಿಕೊಂಡು ಇಬ್ಬರೂ ಹೊರಟುಹೋದರು. ಮೂರು ವರ್ಷ ಇಷ್ಟಕ್ಕೆ ಅಲೆದಾಡಿಸಿದರಲ್ಲ ಎಂದು ಅವರ ಬೆನ್ನಿಗೆ ನಾನು ಬಾಯಿಗೆ ಬಂದ ಹಾಗೆ ಬೈದೆ.

ಅಮ್ಮ ಸೂಜಿ ಬಿಗಿದಳು. ನಾನು ಎಂದಿನಂತೆ ದಾರ ಪೋಣಿಸಲು ಹೋದೆ. ಕೈ ಸರಿಸಿದಳು. ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ, ಕಿಟಕಿಯ ಬೆಳಕಿಗೆ ಬಗ್ಗಿ, ಒಂದೇ ಸಲಕ್ಕೆ ಪೋಣಿಸಿದಳು. ನಾನಿನ್ನೂ ಆ ಸಾಹೇಬರನ್ನು ಬೈಯುತ್ತಲೇ ಇದ್ದೆ. ಅಮ್ಮ ತಲೆಯೆತ್ತಿ ನನ್ನನ್ನು ನೋಡಿದಳು. ನೋಡುತ್ತಲೇ ಇದ್ದಳು.

"ನಿನ್ನ ತಲೆ ಯಾವಾಗ ಇಷ್ಟೊಂದು ಬೆಳ್ಳಗಾಯ್ತೇ?"

ನನ್ನ ಬೈಗುಳ ಅಲ್ಲಿಗೇ ನಿಂತಿತು. ಹೋದ ವರ್ಷ ಎಂದೆ. ಅಮ್ಮ ಸೂಜಿಯನ್ನೂ ಎರಡು ಪ್ರಾಂತ್ಯಗಳನ್ನೂ ಬಿಟ್ಟು ಎದ್ದು ಬಂದು, ನನ್ನ ತಲೆ ಸವರಿದಳು.